ತೀರ್ಥಬಾವಿಯ ನೀರು ಎಲ್ಲಿಂದ ಬರುತ್ತದೆ?

(ವಾರ್ಷಿಕ ಜಾತ್ರೋತ್ಸವದ ಧಾರ್ಮಿಕ ಸಭೆಯಲ್ಲಿ ಕ್ಷೇತ್ರದ ಮೊಕ್ತೇಸರರಲ್ಲೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಕಲಿತದ್ದು ಎಸ್.ಎಸ್.ಎಲ್.ಸಿ.ವರೆಗೆ. ಅನಂತರ ತಂದೆಯವರ ಜೀನಸಿನ ಅಂಗಡಿಯಲ್ಲಿ ಕುಳಿತವನು ಇಂದಿಗೂ ಅಲ್ಲೇ ಇದ್ದೇನೆ. ಪುರಾಣ, ವೇದಾಂತ ಹೇಳುವ ಯೋಗ್ಯತೆ ನನಗಿಲ್ಲ. ಅದನ್ನು ನಿನ್ನೆ ಮೊನ್ನೆ ಇದೇ ವೇದಿಕೆಯಲ್ಲಿ ವಿದ್ವಾಂಸರು ಹೇಳಿದ್ದಾರೆ. ಪ್ರತಿವರ್ಷ ನನ್ನನ್ನು ಇಲ್ಲಿಗೆ ಕರೆಯುವುದು ಲೆಕ್ಕಪತ್ರ ಓದಲಿಕ್ಕೆ. ಈ ಸಲ ಲೆಕ್ಕಪತ್ರವನ್ನು ಅಚ್ಚು ಹಾಕಿಸಿ ಹಂಚಿದ್ದೇವೆ. ಉಳಿದ ಸಮಯದಲ್ಲಿ ಇನ್ನೊಂದು ಲೆಕ್ಕ ಹೇಳಲು ಅಧ್ಯಕ್ಷರ ಅನುಮತಿ ಕೇಳಿದ್ದೇನೆ. ಅದು ನೀರಿನ ಲೆಕ್ಕ.

ನಾಳೆ ರಾತ್ರಿ ದೇವರ ಅವಭೃತ. ತೋಡಿನ ಜಳಕದ ಗುಂಡಿಯಲ್ಲಿ ಈಗ ಸೊಂಟಮಟ್ಟ ನೀರಿದೆ. ಬೆಳಿಗ್ಗೆ ನಾನೇ ಇಳಿದು ನೋಡಿ ಬಂದೆ. ಚಿಕ್ಕ ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಆದರೆ 2017ನೇ ಇಸವಿಯ ಜಾತ್ರೆಯನ್ನು ಕಂಡವರು ಇಲ್ಲಿ ಬಹಳ ಮಂದಿ ಇದ್ದೀರಿ. ಅದರ ಹಿಂದಿನ ವರ್ಷ, 2016ರಲ್ಲಿ, ಮುಂಗಾರು ಕೈಕೊಟ್ಟಿತ್ತು. ಕೇರಳಕ್ಕೆ ಬರಬೇಕಾದ ಮಳೆಯಲ್ಲಿ ಶೇಕಡಾ 34ರಷ್ಟು ಕಡಿಮೆ. ಅಕ್ಟೋಬರ್ ತಿಂಗಳಲ್ಲೇ ರಾಜ್ಯದ ಎಲ್ಲಾ ಹದಿನಾಲ್ಕು ಜಿಲ್ಲೆಗಳನ್ನು ಬರಪೀಡಿತವೆಂದು ಸಾರಿದರು. ಆ ಮೀನ ಮಾಸದಲ್ಲಿ ನಮ್ಮ ಜಳಕದ ಗುಂಡಿಯಲ್ಲಿ ಇದ್ದದ್ದು ಒಣಗಿದ ಎಲೆ ಮತ್ತು ಹೊಯ್ಗೆ. ಟ್ಯಾಂಕರಿನಲ್ಲಿ ನೀರು ತರಿಸಿ, ಗುಂಡಿಗೆ ಟಾರ್ಪಾಲು ಹಾಸಿ, ಅದರ ಮೇಲೆ ನೀರು ಬಿಟ್ಟು ದೇವರ ಜಳಕ ಮಾಡಿಸಿದೆವು. ತೀರ್ಥಬಾವಿಯಲ್ಲಿ ಕೊಡಪಾನ ಮುಳುಗುವಷ್ಟೂ ನೀರಿರಲಿಲ್ಲ. ಪೈಪು ಹಿಡಿದು ನಿಂತಿದ್ದವನು ನಾನು. ಒಬ್ಬರು ಅಜ್ಜಿ ದಡದಲ್ಲಿ ನಿಂತು ಕಣ್ಣೊರೆಸಿಕೊಂಡದ್ದು ನನಗೆ ಇವತ್ತಿಗೂ ಮರೆಯುವುದಿಲ್ಲ. ಟ್ಯಾಂಕರಿನ ಬಿಲ್ಲನ್ನು ಮಾತ್ರ ನಾನು ದೇವಸ್ಥಾನದ ಲೆಕ್ಕಕ್ಕೆ ಹಾಕಲಿಲ್ಲ. ಕಾರಣ ಹೇಳುತ್ತೇನೆ.

2008ರ ಜೀರ್ಣೋದ್ಧಾರದ ಕಾಲದಲ್ಲಿ ನಾನು ಸಮಿತಿಯ ಕೋಶಾಧಿಕಾರಿ. ಉತ್ಸಾಹ ಬಹಳ ಇತ್ತು. ಹಣವೂ ಬಂತು. ಗರ್ಭಗುಡಿ, ಸುತ್ತುಪೌಳಿ ಚೆನ್ನಾಗಿ ಆಯಿತು, ಅದರ ಬಗ್ಗೆ ಯಾರಿಗೂ ಎರಡು ಮಾತಿಲ್ಲ. ಅದರೊಂದಿಗೆ ನಾವು ಇನ್ನೂ ಮೂರು ಕೆಲಸ ಮಾಡಿದೆವು. ನಾಗಬನ ಸುಮಾರು ಅರ್ಧ ಎಕ್ರೆ ಇತ್ತು. ಹೆಬ್ಬಲಸು, ಸಂಪಿಗೆ, ಪುನರ್ಪುಳಿ, ಹೊನ್ನೆ, ನಡುವೆ ಬೆತ್ತದ ಬಳ್ಳಿ, ಹಗಲಲ್ಲೂ ಕತ್ತಲೆ. ಅದನ್ನು "ಸ್ವಚ್ಛ" ಮಾಡಿ, ನಾಗನ ಕಟ್ಟೆಯ ಸುತ್ತ ನಾಲ್ಕು ಮರ ಉಳಿಸಿ, ಉಳಿದ ನೆಲಕ್ಕೆ ಕಾಂಕ್ರೀಟು ಹಾಸಿದೆವು. ಬನದ ಮೇಲ್ಬದಿಯಲ್ಲಿ ಪದವಿನ ಅಂಚಿಗೆ ಒಂದು ಮದಕ ಇತ್ತು. ಮಳೆಗಾಲದಲ್ಲಿ ಎಮ್ಮೆ ಮುಳುಗುವಷ್ಟು ನೀರು ನಿಂತು, ಮಕರ ಮಾಸದ ಹೊತ್ತಿಗೆ ಬತ್ತುವಂಥದ್ದು. ಅದಕ್ಕೆ ಮಣ್ಣು ತುಂಬಿಸಿ ವಾಹನ ನಿಲ್ಲಿಸುವ ಜಾಗ ಮಾಡಿದೆವು. ದೇವಸ್ಥಾನದ ಕೆರೆಗೆ ಬ್ಲೀಚಿಂಗ್ ಪೌಡರು ಸುರಿದು ತೊಳೆಸಿದೆವು. ಮೂರೂ ನಿರ್ಣಯಕ್ಕೆ ನಾನು ಕೈಯೆತ್ತಿದವನು. ಸಿಮೆಂಟು ನನ್ನ ಅಂಗಡಿಯಿಂದಲೇ ಹೋದದ್ದು. ಲಾಭ ಇಟ್ಟುಕೊಳ್ಳಲಿಲ್ಲ, ಅಷ್ಟೇ ನನ್ನ ಸಮಾಧಾನ.

ಆಗ ಒಬ್ಬರೇ ಒಬ್ಬರು ಬೇಡ ಎಂದರು. ತೋಡಿಗೆ ಕಟ್ಟ ಕಟ್ಟುವುದರಲ್ಲಿ ಪಳಗಿದ ಹಿರಿಯರು, ಈಗ ತೀರಿಹೋಗಿದ್ದಾರೆ. ಸಭೆಯಲ್ಲಿ ಅವರು ಬಾಯಿ ಬಿಡಲಿಲ್ಲ. ಮರುದಿನ ಅಂಗಡಿಗೆ ಎಲೆ ಅಡಿಕೆಗೆ ಬಂದವರು ತುಳುವಿನಲ್ಲಿ ಹೇಳಿದ್ದು ಇಷ್ಟು: "ಅಣ್ಣೇರೇ, ಮದಕ ಮುಚ್ಚಿದರೆ ಬಾವಿಗೆ ಹೇಳಿ ಮುಚ್ಚಿ." ನಾನು ನಕ್ಕು ಚಿಲ್ಲರೆ ಕೊಟ್ಟು ಕಳಿಸಿದೆ.

ನಾಲ್ಕೈದು ವರ್ಷದಲ್ಲಿ ತೀರ್ಥಬಾವಿ ಬೇಸಗೆಯಲ್ಲಿ ಇಳಿಯತೊಡಗಿತು. ಮೊದಲು ಪತ್ತನಾಜೆಯ ವರೆಗೂ ನಿಲ್ಲುತ್ತಿದ್ದ ನೀರು ವಿಷುವಿಗೆ ತಳ ಕಂಡಿತು. ಪ್ರಶ್ನೆ ಇಡಿಸಿದೆವು. ನಾಗನ ಅಸಮಾಧಾನ ಎಂದು ಬಂತು, ಪ್ರಾಯಶ್ಚಿತ್ತ ಮಾಡಿದೆವು. ಅದನ್ನು ನಾನು ಹಗುರವಾಗಿ ಹೇಳುವುದಿಲ್ಲ. ನಾಗ ಇರುವ ಜಾಗವನ್ನೇ ಕೆಡಿಸಿದ ಮೇಲೆ ಅಸಮಾಧಾನ ಬಾರದೆ ಇದ್ದೀತೇ? ಆದರೆ ಕಾಂಕ್ರೀಟನ್ನು ಹಾಗೆಯೇ ಬಿಟ್ಟು ಪ್ರಾಯಶ್ಚಿತ್ತ ಮಾಡಿದ್ದು ನಮ್ಮ ತಪ್ಪು.

ಈಗ ನಮ್ಮ ನೆಲದ ವಿಷಯ ಸ್ವಲ್ಪ ನೋಡೋಣ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ನಮ್ಮ ಕಾಲ ಕೆಳಗಿರುವುದು ಮುರಕಲ್ಲು. ಅದು ಗಟ್ಟಿ ಕಂಡರೂ ಒಳಗೆಲ್ಲಾ ತೂತು. ಬಿರುಕು, ಬೇರು ಹೋದ ದಾರಿಗಳಲ್ಲಿ ನೀರು ಇಳಿಯುತ್ತದೆ. ಮುರಕಲ್ಲಿನ ಕೆಳಗೆ ಜೇಡಿಮಣ್ಣಿನ ಪದರ ಸಿಗುತ್ತದೆ. ನೀರು ಅಲ್ಲಿಂದ ಕೆಳಗೆ ಸುಲಭವಾಗಿ ಇಳಿಯದೆ ಅದರ ಮೇಲೆ ನಿಧಾನವಾಗಿ ಓರೆಯಾಗಿ ಜಾರಿ ಗುಡ್ಡದ ಬುಡಕ್ಕೆ ಬರುತ್ತದೆ. ನಮ್ಮ ಹಿರಿಯರು ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದು ಹಿಡಿದದ್ದು ಇದೇ ನೀರನ್ನು. ನಮ್ಮ ಬಾವಿಗೆ ಬರುವ ಒರತೆಯೂ ಇದೇ. ಅನಂತಪುರದ ಸರೋವರ ದೇವಸ್ಥಾನವನ್ನು ನೀವೆಲ್ಲ ನೋಡಿದ್ದೀರಿ. ಸುತ್ತಲೂ ಬಿಸಿಲಿಗೆ ಕಾದ ಪಾರೆ, ನಡುವೆ ನೀರು. 2022ರ ಅಕ್ಟೋಬರಿನಲ್ಲಿ ತೀರಿಹೋದ ಬಬಿಯ ಮೊಸಳೆ ಅಷ್ಟು ವರ್ಷ ಬಾಳಿದ್ದು ಅಂಥ ಪಾರೆಯ ನಡುವಿನ ಕೆರೆಯಲ್ಲಿ.

ಇಳಿಯುವ ದಾರಿ ತೆರೆದಿರಬೇಕು ಎಂಬುದೇ ಮುಖ್ಯ ಸಂಗತಿ. ಆ ದಾರಿಯನ್ನು ತೆರೆದಿಡುವವರು ಯಾರು? ಮರದ ಬೇರು, ಗೆದ್ದಲು, ಎರೆಹುಳ, ಏಡಿ. ಬನದಲ್ಲಿ ಒಂದು ಗೇಣು ದಪ್ಪಕ್ಕೆ ಬಿದ್ದ ತರಗೆಲೆ ಆಟಿಯ ಮಳೆಯ ಪೆಟ್ಟನ್ನು ತಾನು ತಡೆದುಕೊಂಡು ನೀರನ್ನು ಮೆಲ್ಲಗೆ ನೆಲಕ್ಕೆ ಬಿಡುತ್ತದೆ. ಹುತ್ತವನ್ನು ನಾವು ನಾಗನ ಮನೆ ಎಂದು ಮುಟ್ಟುವುದಿಲ್ಲ. ಆ ಹುತ್ತದ ಕೆಳಗೆ ಗೆದ್ದಲು ತೋಡಿದ ಸಾವಿರ ಕಿಂಡಿಗಳು ನೀರಿಗೆ ಬಾಗಿಲು. ಎಲೆ ಗುಡಿಸಿ, ಹುತ್ತ ಒಡೆದು, ಸಿಮೆಂಟು ಬಳಿದರೆ ಅದೇ ಮಳೆ ಹತ್ತು ನಿಮಿಷದಲ್ಲಿ ಕೆಂಪಾಗಿ ತೋಡಿಗೆ, ತೋಡಿನಿಂದ ಹೊಳೆಗೆ, ಮರುದಿನಕ್ಕೆ ಸಮುದ್ರಕ್ಕೆ.

ವ್ಯಾಪಾರಿಯಾದ ಕಾರಣ ಲೆಕ್ಕ ಹಾಕದೆ ನನಗೆ ನಿದ್ದೆ ಬರುವುದಿಲ್ಲ. ಒಂದು ಎಕ್ರೆ ನೆಲಕ್ಕೆ 3,500 ಮಿಲ್ಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅದನ್ನು ಹೊತ್ತರೆ 2,800 ಟ್ಯಾಂಕರ್ ಬೇಕು. ಅಷ್ಟನ್ನು ವರುಣದೇವ ಪ್ರತಿ ಎಕ್ರೆಗೂ ಪುಕ್ಕಟೆ ಇಳಿಸಿ ಹೋಗುತ್ತಾನೆ. ನಾವು ಅದನ್ನು ಓಡಿಸಿಬಿಟ್ಟು, ಮೀನ ಮಾಸದಲ್ಲಿ ಟ್ಯಾಂಕರಿನವನಿಗೆ ಫೋನು ಮಾಡುತ್ತೇವೆ.

ಅಂಗಡಿಯಲ್ಲಿ ಕುಳಿತವನಿಗೆ ಊರಿನ ನೀರು ಎಲ್ಲಿಗೆ ಹೋಯಿತೆಂದು ಬೇಗ ಗೊತ್ತಾಗುತ್ತದೆ. ನಾನು ಅಂಗಡಿಗೆ ಬಂದ ಹೊಸತರಲ್ಲಿ ಹಗ್ಗ, ರಾಟೆ, ಹಾರೆಯ ಕಾವು, ಬುಟ್ಟಿ ಹೋಗುತ್ತಿತ್ತು. ಮತ್ತೆ ಪಿ.ವಿ.ಸಿ. ಪೈಪು, ಫೂಟ್‌ವಾಲ್ವ್ ಹೋಯಿತು. ಅನಂತರ ಬೋರ್‌ವೆಲ್ ಲಾರಿಯವರಿಗೆ ಚಹಾ, ಬೀಡಿ. ಬೋರು ಮುಟ್ಟುವುದು ಜೇಡಿಯ ಕೆಳಗಿನ ಕಪ್ಪು ಬಂಡೆಯ ಬಿರುಕಿನಲ್ಲಿರುವ ನೀರನ್ನು. ಅಲ್ಲಿಗೆ ನಮ್ಮ ಮಳೆ ಇಳಿಯುವುದು ಬಹಳ ನಿಧಾನ. ಕೇಂದ್ರ ಅಂತರ್ಜಲ ಮಂಡಳಿಯವರ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕನ್ನು "ಕ್ರಿಟಿಕಲ್", ಅಂದರೆ ಗಂಭೀರ ಸ್ಥಿತಿಯ ಪಟ್ಟಿಯಲ್ಲಿ ಸೇರಿಸಿದ್ದರು. ಮೂರೂವರೆ ಮೀಟರ್ ಮಳೆ ಬೀಳುವ ಊರು ಗಂಭೀರ ಪಟ್ಟಿಯಲ್ಲಿ! ರಾಜಸ್ಥಾನದವರು ಕೇಳಿದರೆ ನಗಬಹುದು.

ಮಗಳ ಹತ್ತಿರ ಒಮ್ಮೆ ಇದನ್ನೆಲ್ಲ ಹೇಳಿಕೊಂಡೆ. ಅವಳು ಕಾಲೇಜಿನಲ್ಲಿ ವಿಜ್ಞಾನ ಕಲಿತವಳು. "ಅಪ್ಪ, ಇದಕ್ಕೆ ಇಕೋಹೈಡ್ರಾಲಜಿ ಎಂದು ಹೆಸರುಂಟು" ಅಂದಳು. ಹೆಸರು ದೊಡ್ಡದು, ವಿಷಯ ಸರಳ. ನೀರು ಜೀವಿಗಳನ್ನು ನಡೆಸುತ್ತದೆ, ಜೀವಿಗಳು ನೀರನ್ನು ನಡೆಸುತ್ತವೆ. ಹೊಳೆಯನ್ನು ಸರಿಯಾಗಿ ಇಡಬೇಕಾದರೆ ಬರೇ ಕಲ್ಲು, ಸಿಮೆಂಟು, ಗೇಟು ಸಾಲದು, ಗಿಡಮರ, ಮೀನು, ಹುಲ್ಲು ಇವುಗಳಿಂದಲೂ ಕೆಲಸ ತೆಗೆದುಕೊಳ್ಳಬೇಕು. ಅದೂ ತುಂಡು ತುಂಡಾಗಿ ಅಲ್ಲ. ಒಂದು ಹೊಳೆಗೆ ಎಲ್ಲೆಲ್ಲಿಂದ ನೀರು ಇಳಿದು ಬರುತ್ತದೋ ಅಷ್ಟೂ ನೆಲವನ್ನು ಒಂದೇ ಎಂದು ಎಣಿಸಬೇಕು. ಯುನೆಸ್ಕೋ ಸಂಸ್ಥೆ 1996ರಲ್ಲಿ ಆರಂಭಿಸಿದ ತನ್ನ ಜಲ ಕಾರ್ಯಕ್ರಮದ ಹಂತದಿಂದ ಇದನ್ನು ಕೈಗೆತ್ತಿಕೊಂಡಿದೆ. ಪೋಲೆಂಡ್ ದೇಶದ ಮಾಚೆಯ್ ಜಲೆವ್‌ಸ್ಕಿ ಎಂಬ ಪ್ರಾಧ್ಯಾಪಕರು ಇದರಲ್ಲಿ ಮುಂಚೂಣಿಯಲ್ಲಿದ್ದವರು.

ಅವರ ಕೆಲಸದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಅಲ್ಲಿ ಪಿಲಿತ್ಸಾ ಎಂಬ ನದಿಯುಂಟು. (ತುಳುವರು ನಗಬೇಡಿ, ಹುಲಿಗೂ ಅದಕ್ಕೂ ಸಂಬಂಧವಿಲ್ಲ.) ಅದಕ್ಕೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು ಬೇಸಗೆಯಲ್ಲಿ ಹಸಿರು ಪಾಚಿಯಾಗಿ ವಿಷವೇರುತ್ತಿತ್ತು. ಒಂದು ದೊಡ್ಡ ನಗರಕ್ಕೆ ಆಗ ಅಲ್ಲಿಂದ ಕುಡಿಯುವ ನೀರು ಹೋಗುತ್ತಿತ್ತು. ಮದ್ದು ಸುರಿಯುವ ಮೊದಲು ಅವರು ಕುಳಿತು ನೋಡಿದರು. ದಡದ ಹುಲ್ಲು ಮುಳುಗುವಷ್ಟು ನೀರು ನಿಂತ ವರ್ಷ ಮೀನುಗಳು ಆ ಹುಲ್ಲಿನಲ್ಲಿ ಮೊಟ್ಟೆಯಿಟ್ಟು ಮರಿಗಳು ವಿಪರೀತವಾಗುತ್ತವೆ. ಮರಿಗಳು ನೀರಿನ ಸಣ್ಣ ಸಣ್ಣ ಹುಳಗಳನ್ನು ತಿಂದು ಮುಗಿಸುತ್ತವೆ. ಪಾಚಿಯನ್ನು ತಿನ್ನುವುದು ಆ ಹುಳಗಳೇ. ಹುಳ ಹೋದರೆ ಪಾಚಿ ಏರುತ್ತದೆ. ಆದುದರಿಂದ ಮೊಟ್ಟೆಯಿಡುವ ಕಾಲದಲ್ಲಿ ನೀರಿನ ಮಟ್ಟವನ್ನು ದಡದ ಹುಲ್ಲಿಗಿಂತ ಸ್ವಲ್ಪ ಕೆಳಗಿಟ್ಟರೆ ಪಾಚಿಯನ್ನು ಹಿಡಿತದಲ್ಲಿಡಬಹುದು ಎಂದು ತೋರಿಸಿದರು. ಮೇಲ್ಭಾಗದಲ್ಲಿ ನೆರೆಯ ನೀರು ಬಯಲಿಗೆ ಹರಡಿ ಕೆಸರು ಇಳಿಸಿ ಬರುವಂತೆ, ಅಲ್ಲಿನ ಗಿಡಗಳು ಆ ಕೆಸರಿನ ಸಾರವನ್ನು ಹೀರುವಂತೆ ಮಾಡುವುದೂ ಇದೇ ಉಪಾಯದ ಭಾಗ. ಗೇಟು ಅದೇ, ಅಣೆಕಟ್ಟು ಅದೇ. ಯಾವ ಜೀವಿ ಯಾವ ಕೆಲಸ ಮಾಡುತ್ತದೆಂದು ತಿಳಿದು ಗೇಟು ತಿರುಗಿಸಿದರು.

ಇದನ್ನು ಕೇಳಿದಾಗ ನನಗೆ ನಮ್ಮ ಕೆರೆಯ ನೆನಪಾಯಿತು. ಬ್ಲೀಚಿಂಗ್ ಪೌಡರು ಹಾಕಿದ ದಿನ ಸಂಜೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಎರಡು ಬುಟ್ಟಿ ತುಂಬಾ ತೆಗೆದು ಹೂತೆವು. ಒಂದು ವಾರ ನೀರು ಕನ್ನಡಿಯಂತೆ ಇತ್ತು, ಫೊಟೋ ತೆಗೆಸಿ ಸ್ಮರಣ ಸಂಚಿಕೆಗೂ ಹಾಕಿಸಿದೆವು. ಮುಂದಿನ ಮಳೆಗಾಲ ಕಳೆಯುವಾಗ ಕೆರೆಯಿಡೀ ಸೊಳ್ಳೆಮರಿ. ಅದನ್ನು ತಿನ್ನುವವರನ್ನು ನಾವೇ ಕೊಂದಿದ್ದೆವಲ್ಲ! ನಮ್ಮ ಪಯಸ್ವಿನಿಗೆ ಸೇರುವ ತೊರೆಯಲ್ಲಿ, ಸುಳ್ಯದ ತೊಡಿಕಾನದಲ್ಲಿ, ಮತ್ಸ್ಯತೀರ್ಥವುಂಟು. ಶ್ರೀ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಹೋದವರೆಲ್ಲ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಹಾಕಿ ಬಂದಿರುತ್ತೀರಿ. ಅಲ್ಲಿ ಮೀನು ದೇವರದ್ದು, ಯಾರೂ ಮುಟ್ಟುವುದಿಲ್ಲ. ಮೀನನ್ನು ಉಳಿಸಬೇಕಾದರೆ ಆ ಗುಂಡಿಯ ನೀರು, ದಡದ ಮರದ ನೆರಳು, ಮೇಲಿನ ಕಾಡು ಉಳಿಯಲೇಬೇಕು. ನಮ್ಮ ಹಿರಿಯರಿಗೆ ಇಕೋಹೈಡ್ರಾಲಜಿ ಎಂಬ ಶಬ್ದ ಗೊತ್ತಿರಲಿಲ್ಲ, ಇಷ್ಟು ಗೊತ್ತಿತ್ತು. ಹಾಗೆಂದು ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂದು ಹೇಳುವವನೂ ನಾನಲ್ಲ. ಗುಡ್ಡದ ಸೊಪ್ಪನ್ನು ಬೋಳಿಸಿ ತೋಟಕ್ಕೆ ಹಾಕಿದವರೂ ಅವರೇ, ಕುಮ್ಕಿಯ ಮರ ಕಡಿದು ಮಾರಿದವರೂ ನಮ್ಮವರೇ.

ಕಟ್ಟದ ವಿಷಯಕ್ಕೆ ಬರುತ್ತೇನೆ. ಯುವಕರು ಇದನ್ನು ಗಮನವಿಟ್ಟು ಕೇಳಬೇಕು. ಮಳೆ ಪೂರ್ತಿ ನಿಂತು ತೋಡಿನ ಹರಿವು ಸಣ್ಣದಾದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಸಲಕೆ, ಮಡಲು ಇಟ್ಟು ತೋಡಿಗೆ ಅಡ್ಡ ಕಟ್ಟುವುದು. ಈಗ ಪ್ಲಾಸ್ಟಿಕ್ ಶೀಟು, ಹೊಯ್ಗೆ ಚೀಲವೂ ಬಂದಿದೆ. ನಿಂತ ನೀರು ಎರಡೂ ದಡದ ತೋಟಗಳೊಳಗೆ ಮೆಲ್ಲಗೆ ಇಂಗುತ್ತದೆ, ಬಾವಿಗಳಲ್ಲಿ ಏರುತ್ತದೆ. ಒಂದು ಕಟ್ಟದಿಂದ ಸಾಲದು. ಕೆಳಗಿನ ಕಟ್ಟದ ನೀರಿನ ಬಾಲ ಮೇಲಿನ ಕಟ್ಟದ ಬುಡ ಮುಟ್ಟಬೇಕು, ಹಾಗೆ ಸಾಲಾಗಿ ಇರಬೇಕು. ಕುಂಬಡಾಜೆ ಪಂಚಾಯತಿನ ಏತಡ್ಕದವರು ಅಂಥ ಸಾಲುಕಟ್ಟಗಳಿಗೆ ಹೆಸರಾದವರು. ವಾಣಿನಗರದ ಶ್ರೀ ಪಡ್ರೆಯವರು "ಅಡಿಕೆ ಪತ್ರಿಕೆ"ಯಲ್ಲಿ ನೆಲಜಲದ ಬಗ್ಗೆ ದಶಕಗಳಿಂದ ಬರೆದದ್ದನ್ನು ನಮ್ಮ ಕೃಷಿಕರು ಓದುತ್ತಾ ಬಂದಿದ್ದಾರೆ. ನನ್ನ ಅಂಗಡಿಯಲ್ಲಿ ಕೂತು ಪುಕ್ಕಟೆ ಓದಿದವರೂ ಇದ್ದಾರೆ.

ಕಟ್ಟದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಏನೆಂದರೆ, ಮಳೆಗೆ ಮುಂಚೆ ಅದನ್ನು ಬಿಚ್ಚುತ್ತಾರೆ. ಆರು ತಿಂಗಳು ನಮ್ಮದು, ಆರು ತಿಂಗಳು ತೋಡಿನದ್ದು. ಮೊದಲ ನೆರೆಗೆ ಮೀನು ಮೇಲಕ್ಕೆ ಹತ್ತುತ್ತದೆ, ಗದ್ದೆಗೆ ಹೋಗಿ ಮೊಟ್ಟೆಯಿಡುತ್ತದೆ. ಕೆಸರು, ಹೊಯ್ಗೆ ಕೆಳಕ್ಕೆ ಹೋಗುತ್ತದೆ. ತೋಡು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಶಾಶ್ವತ ಕಿಂಡಿ ಅಣೆಕಟ್ಟು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಅಗಲದ ಹೊಳೆಗೆ ಅದು ಬೇಕಾಗುತ್ತದೆ. ಆದರೆ ಹಲಗೆ ಕಾಣೆಯಾಗಿ, ಹೂಳು ತುಂಬಿ, ಉದ್ಘಾಟನೆಯ ಕಲ್ಲು ಮಾತ್ರ ಉಳಿದ ಕಿಂಡಿ ಅಣೆಕಟ್ಟುಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಕಟ್ಟಕ್ಕೆ ಪ್ರತಿವರ್ಷ ಹತ್ತು ಜನ ಸೇರಲೇಬೇಕು. ಅದು ಅದರ ಕಷ್ಟ. ಸೇರುವ ಜನ ಇಲ್ಲದೆಯೇ ಊರಿನ ಕಟ್ಟಗಳು ಒಂದೊಂದಾಗಿ ನಿಂತುಹೋದದ್ದು.

ನಮ್ಮ ತೋಡು ಹೋಗಿ ಸೇರುವುದು ಶಿರಿಯ ಹೊಳೆಗೆ. ಸುಮಾರು 67 ಕಿಲೋಮೀಟರ್ ಉದ್ದದ ಹೊಳೆ, ಕರ್ನಾಟಕದ ಗುಡ್ಡಗಳಲ್ಲಿ ಹುಟ್ಟಿ ಕುಂಬಳೆಯ ಹತ್ತಿರ ಸಮುದ್ರ ಸೇರುತ್ತದೆ. 1956ರ ನವೆಂಬರ್ ಒಂದರಂದು ನಮ್ಮ ಮೇಲೆ ಬಿದ್ದ ಗಡಿಯ ನೋವನ್ನು ಇಲ್ಲಿ ತೆಗೆಯುವುದಿಲ್ಲ. ಹೊಳೆಗಂತೂ ಎರಡೂ ಕಡೆಯ ಗುಡ್ಡ ಬೇಕು. ಆಚೆಯವರೂ ಈಚೆಯವರೂ ಮಾತಾಡುವುದು ಅದೇ ಕನ್ನಡ, ಅದೇ ತುಳು, ಜಾತ್ರೆಗೆ ಬರುವುದೂ ಹೋಗುವುದೂ ಉಂಟು. ಆದರೆ ಹೊಳೆಯ ಬಗ್ಗೆ ಒಟ್ಟಿಗೆ ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಮೇಲೆ ಸುರಿದದ್ದು ಕೆಳಗೆ ಬಂದೇ ಬರುತ್ತದೆಂಬುದಕ್ಕೆ ನಮ್ಮ ಜಿಲ್ಲೆಗಿಂತ ಬೇರೆ ಸಾಕ್ಷಿ ಬೇಕೇ? ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು 2000ನೇ ಇಸವಿಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇರಿತು. ಅದರ ನೋವು ತಿನ್ನುತ್ತಿರುವ ಮನೆಗಳು ಇಂದಿಗೂ ನಮ್ಮ ನಡುವೆ ಇವೆ.

ಕೆಳಗೆ ಅಳಿವೆಯ ಹತ್ತಿರ ಇನ್ನೊಂದು ಸಂಕಟ. ಹೊಯ್ಗೆ ತೆಗೆದು ತೆಗೆದು ಹೊಳೆಯ ತಳ ಆಳವಾದರೆ ಬೇಸಗೆಯಲ್ಲಿ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ. ಚಂದ್ರಗಿರಿ ಹೊಳೆಯ ಬಾವಿಕ್ಕೆರೆಯಲ್ಲಿ ಶಾಶ್ವತ ಅಣೆಕಟ್ಟು ಆಗುವ ವರೆಗೆ ಕಾಸರಗೋಡು ಪೇಟೆಯವರು ನಳ್ಳಿಯಲ್ಲಿ ಉಪ್ಪುನೀರು ಕುಡಿದದ್ದು ನೆನಪಿರಬಹುದು. ಅಳಿವೆಯ ಕಾಂಡ್ಲದ ಕಾಡು ದಡವನ್ನು ಹಿಡಿದು ನಿಲ್ಲಿಸುತ್ತದೆ, ಮೀನಿನ ಮರಿಗಳಿಗೆ ತೊಟ್ಟಿಲಾಗುತ್ತದೆ. ಪಕ್ಕದ ಕಣ್ಣೂರಿನ ಕಲ್ಲೇನ್ ಪೊಕ್ಕುಡನ್ ಎಂಬವರು ಹೆಚ್ಚು ಶಾಲೆಗೆ ಹೋದವರಲ್ಲ. 2015ರಲ್ಲಿ ತೀರಿಹೋಗುವ ವರೆಗೂ ಕಾಂಡ್ಲ ನೆಡುತ್ತಲೇ ಇದ್ದರು. ಎಸ್.ಎಸ್.ಎಲ್.ಸಿ. ಆದವನೊಬ್ಬ ಮಾತಾಡಲು ಧೈರ್ಯ ಮಾಡಿದ್ದು ಅಂಥವರನ್ನು ಕಂಡು.

2017ರ ಆ ಜಾತ್ರೆಯ ಮೇಲೆ ನಾವು ಏನು ಮಾಡಿದೆವು ಎಂಬುದು ನಿಮಗೆ ಗೊತ್ತಿದೆ. ಆ ವರ್ಷ ಧನು ಮಾಸದಲ್ಲಿ ಜಳಕದ ಗುಂಡಿಯ ಕೆಳಗೆ ಮೊದಲ ಕಟ್ಟ. ಮರುವರ್ಷ ಬನದ ಕಾಂಕ್ರೀಟು ಒಡೆದು ತೆಗೆಸಿದೆವು. ಹಾಕಲು ಕೊಟ್ಟದ್ದಕ್ಕಿಂತ ಒಡೆಯಲು ಹೆಚ್ಚು ಕೂಲಿ ಹೋಯಿತು! 2019ರಲ್ಲಿ ಮದಕವನ್ನು ಪುನಃ ತೋಡಿದೆವು, ಮೊದಲಿನಷ್ಟು ದೊಡ್ಡದಾಗಲಿಲ್ಲ. ಅದೇ ವರ್ಷ ಜಿಲ್ಲೆಯಲ್ಲಿ ಅಂತರ್ಜಲಕ್ಕೆಂದು ಮೂರು ಲಕ್ಷ ಬಿದಿರಿನ ಸಸಿ ನೆಡುವ ಕೆಲಸವೂ ನಡೆದಿತ್ತು. ನಾವು ಬನಕ್ಕೆ ಹೊಸ ಜಾತಿ ತರಲಿಲ್ಲ. ಬೇಲಿ ಹಾಕಿ ಸುಮ್ಮನೆ ಬಿಟ್ಟೆವು. ಹಕ್ಕಿ, ಬಾವಲಿ ಬೀಜ ತಂದು ಹಾಕಿದವು. ಪದವಿನ ಪಾರೆಯಲ್ಲಿ ಗಿಡ ನೆಡಬೇಕೆಂದು ಕೆಲವರು ಹೇಳಿದಾಗ ನಾನು ಬೇಡ ಎಂದೆ. ಆ ಪಾರೆಯ ಗುಂಡಿಗಳಲ್ಲಿ ಮಳೆಗಾಲದಲ್ಲಿ ನಿಲ್ಲುವ ನೀರು, ಓಣಂ ಹೊತ್ತಿಗೆ ಅರಳುವ ನೀಲಿ ಹೂವು, ಅದೂ ಒಂದು ವ್ಯವಸ್ಥೆಯೇ. ಬೋಳು ಕಂಡಲ್ಲೆಲ್ಲ ಗುಂಡಿ ತೆಗೆದು ಗಿಡ ಇಡಬೇಕಾಗಿಲ್ಲ.

ಒಬ್ಬರು ಹಿರಿಯ ಸದಸ್ಯರು ಕೇಳಿದರು: "ಮರಗಳು ನೀರು ಕುಡಿಯುವುದಿಲ್ಲವೋ? ಬನ ಬೆಳೆದರೆ ಬಾವಿ ಇನ್ನೂ ಬತ್ತುವುದಲ್ಲವೋ?" ಒಳ್ಳೆಯ ಪ್ರಶ್ನೆ. ಮರ ಕುಡಿಯುತ್ತದೆ. ಉತ್ತರ ಕನ್ನಡದಲ್ಲಿ ವಿಜ್ಞಾನಿಗಳು ಹಳೆಯ ಕಾಡು, ಅಕೇಶಿಯಾ ನೆಟ್ಟ ಗುಡ್ಡ, ಕೆಟ್ಟುಹೋದ ಗುಡ್ಡ ಇವುಗಳ ತೋಡುಗಳನ್ನು ಅಳೆದು ನೋಡಿದ್ದಾರೆ. ಹಳೆಯ ಕಾಡು ತಾನು ಕುಡಿದರೂ ಅದಕ್ಕಿಂತ ಹೆಚ್ಚನ್ನು ನೆಲಕ್ಕೆ ಇಳಿಸುವುದರಿಂದ ಬೇಸಗೆಯಲ್ಲಿ ಅಲ್ಲಿನ ತೋಡು ಹೆಚ್ಚು ದಿನ ಹರಿಯುತ್ತದೆ ಎಂದು ಕಂಡುಬಂತು. ಎಲ್ಲಾ ಮರ ಒಂದೇ ಅಲ್ಲ, ಎಲ್ಲಾ ಮಣ್ಣೂ ಒಂದೇ ಅಲ್ಲ. ನಮ್ಮ ಮಟ್ಟಿಗೆ ಉತ್ತರ ಬಾವಿಯೇ ಕೊಟ್ಟಿತು. 2023ರಲ್ಲಿ ಮುಂಗಾರು ಪುನಃ ಕೈಕೊಟ್ಟಿತು. ಅದೇ ಶೇಕಡಾ 34ರಷ್ಟು ಕೊರತೆ, ಅದರ ಮೇಲೆ 2024ರ ಬೇಸಗೆಯ ಸುಡುಬಿಸಿಲು. ತೀರ್ಥಬಾವಿ ಇಳಿಯಿತು, ಬತ್ತಲಿಲ್ಲ. ಟ್ಯಾಂಕರ್ ಬರಲಿಲ್ಲ. ಎಲ್ಲವೂ ನಮ್ಮ ಕೆಲಸದಿಂದಲೇ ಆಯಿತೆಂದು ನಾನು ಎದೆ ತಟ್ಟುವುದಿಲ್ಲ. ಮೇಲಿನ ಮನೆಯವರಿಬ್ಬರು ಬೋರು ನಿಲ್ಲಿಸಿದ್ದೂ ಸಹಾಯವಾಗಿರಬಹುದು.

ಈಗ ನಾನು ಹೇಳಲೇಬೇಕಾದ ವಿಷಯ. ಗಲ್ಫಿನಲ್ಲಿ ದುಡಿಯುವ ನಮ್ಮೂರಿನ ಯುವಕರು ಭಕ್ತಿಯಿಂದ ಒಂದು ದೊಡ್ಡ ಮೊತ್ತ ಕಳುಹಿಸಿದ್ದಾರೆ. ಜಳಕದ ಗುಂಡಿಯ ಎರಡೂ ಬದಿಗೆ ಇನ್ನೂರು ಅಡಿ ಉದ್ದಕ್ಕೆ ಕಾಂಕ್ರೀಟು ಗೋಡೆ, ತಳಕ್ಕೆ ಕಾಂಕ್ರೀಟು, ಅಂಗಳಕ್ಕೆ ಇಂಟರ್‌ಲಾಕ್ ಎಂದು ಯೋಜನೆ. ನಕ್ಷೆ ಚಂದ ಇದೆ. ಸಮಿತಿಯಲ್ಲಿ ಬಹುಮಂದಿಗೆ ಒಪ್ಪಿಗೆಯೂ ಇದೆ. ನಾನು ಈ ಸಲ ಕೈಯೆತ್ತಲಿಲ್ಲ. ಅದಕ್ಕೆ ಕೆಲವರಿಗೆ ಬೇಸರವಾಗಿದೆ, ನನ್ನ ಮೊಕ್ತೇಸರಿಕೆಯ ಬಗ್ಗೆಯೂ ಮಾತು ಬಂದಿದೆ ಎಂದು ಕೇಳಿದೆ. ಪರವಾಗಿಲ್ಲ. ಒಮ್ಮೆ ಕೈಯೆತ್ತಿ ಕೆಟ್ಟವನು ನಾನು.

ಆ ದಡದಲ್ಲಿ ಈಗ ಮುಂಡುಗ, ಅತ್ತಿ, ಹೊನ್ನೆ ಇವೆ. ಅವುಗಳ ಬೇರು ಹಿಡಿದ ಮಣ್ಣು 2018, 2019ರ ನೆರೆಗೂ ಜಗ್ಗಲಿಲ್ಲ. ಗೋಡೆ ಕಟ್ಟಿದರೆ ಆ ಇನ್ನೂರು ಅಡಿ ನಿಲ್ಲಬಹುದು, ಆದರೆ ನೆರೆ ಅಲ್ಲಿ ಬಿರುಸಾಗಿ ಓಡಿ ಕೆಳಗಿನವರ ತೋಟವನ್ನು ಕೊರೆಯುತ್ತದೆ. ತಳಕ್ಕೆ ಸಿಮೆಂಟು ಹಾಕಿದರೆ ಒರತೆ ಮೇಲೆ ಬರುವ ಕಣ್ಣೇ ಮುಚ್ಚುತ್ತದೆ. ದೇವರು ಜಳಕ ಮಾಡುವ ಗುಂಡಿ ಹೋಗಿ ಟ್ಯಾಂಕರಿಗೆ ಕಾಯುವ ತೊಟ್ಟಿ ಆಗುತ್ತದೆ. ದಾನಿಗಳ ಹತ್ತಿರ ನಾನು ಕಳೆದ ವಾರ ಫೋನಿನಲ್ಲಿ ಮಾತಾಡಿದೆ. "ಮಾವ, ನಮಗೆ ಗೋಡೆಯೇ ಆಗಬೇಕೆಂದಿಲ್ಲ, ದೇವರಿಗೆ ನೀರು ಬೇಕು" ಅಂದ ಒಬ್ಬ ಹುಡುಗ. ಇಳಿಯುವ ಮೆಟ್ಟಿಲು ಬೇಕು, ವಯಸ್ಸಾದ ತಂತ್ರಿಗಳು, ದೇವರನ್ನು ಹೊತ್ತವರು ಜಾರಬಾರದು. ಅದನ್ನು ಒಂದು ಬದಿಗೆ ಮುರಕಲ್ಲಿನಲ್ಲಿ, ಸಂದಿಗೆ ಸಿಮೆಂಟು ಹಾಕದೆ ಕಟ್ಟೋಣ. ದಡ ಕೊರೆದಲ್ಲಿ ಹುರಿನಾರಿನ ಬಲೆ ಹಾಸಿ ಮುಂಡುಗ ನೆಡೋಣ. ಅಂಗಳದಲ್ಲಿ ರಥ ಹೋಗುವಷ್ಟು ದಾರಿ ಬಿಟ್ಟು ಉಳಿದದ್ದು ಮಣ್ಣಿನ ಅಂಗಳವಾಗಿಯೇ ಇರಲಿ, ಕಾಲಿಗೂ ತಂಪು. ಉಳಿದ ಹಣದಲ್ಲಿ ಮದಕದ ಮೇಲಿನ ಜಾಗ ಖರೀದಿಗೆ ಸಿಗುತ್ತದೆಯೇ ಎಂದು ನೋಡೋಣ. ಅದರ ಯಜಮಾನರು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳುವುದಿಲ್ಲ, ಅವರೇ ನಗುತ್ತಿದ್ದಾರೆ. ಅಲ್ಲಿ ಕಲ್ಲಿನ ಕೋರೆಗೆ ಕೊಡಬೇಕೆಂದು ಕೇಳಿಕೊಂಡು ಬಂದವರು ಇದ್ದಾರೆ ಎಂದು ನನಗೆ ಗೊತ್ತು. ದೇವಸ್ಥಾನವೂ ಒಂದು ಮಾತು ಕೇಳುತ್ತಿದೆ ಎಂದು ತಿಳಿಯಿರಿ.

ಮಹಾಸಭೆ ಪತ್ತನಾಜೆಯ ಮರುದಿನ ಇದೆ. ಗೋಡೆ ಬೇಕೆನ್ನುವವರೂ ಬನ್ನಿ, ಬೇಡವೆನ್ನುವವರೂ ಬನ್ನಿ. ಬರುವ ಮೊದಲು ಒಂದು ಸಲ ತೋಡಿಗೆ ಇಳಿದು, ಮುಂಡುಗದ ಬುಡದಲ್ಲಿ ಕೈಯಿಟ್ಟು ತಣ್ಣಗಿನ ಒರತೆ ಎಲ್ಲಿ ಬರುತ್ತದೆ ಎಂದು ನೋಡಿಕೊಂಡು ಬನ್ನಿ. ಅದೇ ದಿನ ಮಧ್ಯಾಹ್ನ ಕಟ್ಟ ಬಿಚ್ಚುವ ಕೆಲಸವಿದೆ. ಪುನಃ ಕಟ್ಟುವುದು ಧನು ಸಂಕ್ರಮಣ ಕಳೆದ ಮೊದಲ ಆದಿತ್ಯವಾರ ಬೆಳಿಗ್ಗೆ ಏಳು ಗಂಟೆಗೆ. ಹಾರೆ, ಪಿಕ್ಕಾಸು, ಬುಟ್ಟಿ ನೀವು ತರಬೇಕು. ಚಹಾ, ಅವಲಕ್ಕಿ ನನ್ನ ಅಂಗಡಿಯಿಂದ.

ಬಲಿಯ ಹೊತ್ತಾಯಿತು, ತಂತ್ರಿಗಳು ಗಡಿಯಾರ ನೋಡುತ್ತಿದ್ದಾರೆ.